ಆರ್‌ನ ಅನೋವಾ ಕೋಷ್ಟಕ: ನಾಲ್ಕು ವರ್ಷ ತರಗತಿಯಲ್ಲಿ ಬಳಸಿದ ಮೇಲೆ

ದಾವಣಗೆರೆಯ ಒಂದು ಪದವಿ ಕಾಲೇಜಿನಲ್ಲಿ ನಾನು ಸಂಖ್ಯಾಶಾಸ್ತ್ರ ಹೇಳಿಕೊಡುತ್ತೇನೆ. ಬಿ.ಎಸ್ಸಿ. ಕೊನೆಯ ವರ್ಷದವರಿಗೆ ರೇಖೀಯ ರಿಗ್ರೆಷನ್ (ಅಂಕಿಗಳಿಗೆ ಆದಷ್ಟು ಹತ್ತಿರವಾದ ನೇರ ಗೆರೆ ಹೊಂದಿಸುವುದು) ಶುರುವಾದ ಎರಡನೆಯ ವಾರದಲ್ಲಿ ಪ್ರತಿ ವರ್ಷವೂ ಯಾರಾದರೊಬ್ಬರು ಎದ್ದು ನಿಂತು ಇದನ್ನೇ ಕೇಳುತ್ತಾರೆ: "ಮೇಡಂ, ಅನೋವಾ ಎಂದರೆ ಮೂರು ನಾಲ್ಕು ಗುಂಪುಗಳ ಸರಾಸರಿ ಹೋಲಿಸುವುದು ಎಂದು ಹಿಂದಿನ ಸೆಮಿಸ್ಟರಿನಲ್ಲಿ ಹೇಳಿದ್ದಿರಿ. ಇಲ್ಲಿ ಗುಂಪೇ ಇಲ್ಲ, ಒಂದು ಗೆರೆ ಎಳೆದಿದ್ದೇವೆ. ಇದಕ್ಕೇಕೆ ಅನೋವಾ?" ಅನೋವಾ, ಅಂದರೆ ಅನಾಲಿಸಿಸ್ ಆಫ್ ವೇರಿಯನ್ಸ್, ಅಂಕಿಗಳ ಒಟ್ಟು ಏರುಪೇರನ್ನು ಪಾಲು ಮಾಡಿ ನೋಡುವ ವಿಧಾನ. ಬಹಳ ಒಳ್ಳೆಯ ಪ್ರಶ್ನೆ. ಇದಕ್ಕೆ ಉತ್ತರ ದಕ್ಕಿದ ವಿದ್ಯಾರ್ಥಿಗೆ ಮುಂದಿನ ಅರ್ಧ ಪಠ್ಯ ತಾನಾಗಿಯೇ ತೆರೆದುಕೊಳ್ಳುತ್ತದೆ. ದಕ್ಕದವರು ಕೋಷ್ಟಕದ ಐದು ಕಾಲಂಗಳನ್ನು ಬಾಯಿಪಾಠ ಮಾಡಿ ಪರೀಕ್ಷೆ ಮುಗಿಸಿ, ಬೇಸಿಗೆ ರಜೆಯೊಳಗೆ ಮರೆತುಬಿಡುತ್ತಾರೆ.

ನಾಲ್ಕು ವರ್ಷಗಳಿಂದ ಆ ಉತ್ತರವನ್ನು ಆರ್ ತಂತ್ರಾಂಶ ಇಟ್ಟುಕೊಂಡು ಕೊಡುತ್ತಿದ್ದೇನೆ. ಇದು ಇಡೀ ಆರ್‌ನ ವಿಮರ್ಶೆಯಲ್ಲ. ಅದರಲ್ಲಿ ರೇಖೆ ಹೊಂದಿಸುವ ಎಲ್‌ಎಂ, ಆ ರೇಖೆಯನ್ನು ತೂಗಿ ನೋಡುವ ಅನೋವಾ, ಈ ಎರಡು ಆಜ್ಞೆಗಳು ಒಬ್ಬ ಪದವಿ ವಿದ್ಯಾರ್ಥಿಯ ಕೈಯಲ್ಲಿ ಹೇಗೆ ನಡೆದುಕೊಳ್ಳುತ್ತವೆ ಎಂಬುದಷ್ಟೇ ನನ್ನ ವಿಷಯ. ಹೊಸದಾಗಿ ಪ್ರಯೋಗಾಲಯ ಕಟ್ಟುತ್ತಿರುವ ಅಧ್ಯಾಪಕರಿಗೂ, ಮನೆಯಲ್ಲಿ ಒಬ್ಬರೇ ಕುಳಿತು ಕಲಿಯುವವರಿಗೂ ಉಪಯೋಗವಾಗಲೆಂದು ಬರೆಯುತ್ತಿದ್ದೇನೆ.

ಬೆಲೆಯ ಮಾತನ್ನು ಮೊದಲೇ ಮುಗಿಸುತ್ತೇನೆ. ಆರ್‌ಗೆ ಬೆಲೆಯಿಲ್ಲ. ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾಲಯದಲ್ಲಿ ರಾಸ್ ಇಹಾಕಾ ಮತ್ತು ರಾಬರ್ಟ್ ಜೆಂಟಲ್‌ಮನ್ 1990ರ ದಶಕದ ಆರಂಭದಲ್ಲಿ ಕಟ್ಟಲು ತೊಡಗಿದ ಈ ಭಾಷೆಯ ಮೊದಲ ಪೂರ್ಣ ಆವೃತ್ತಿ 2000ದ ಫೆಬ್ರವರಿ 29ರಂದು ಹೊರಬಂತು. ಅಂದಿನಿಂದ ಇಂದಿನವರೆಗೆ ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ಹಂಚಬಹುದು. ನಾಲ್ಕು ಜಿಬಿ ಮೆಮೊರಿಯ ನಮ್ಮ ಹಳೆಯ ಕಂಪ್ಯೂಟರುಗಳಲ್ಲಿ ತಡೆಯಿಲ್ಲದೆ ನಡೆಯುತ್ತದೆ. ಒಮ್ಮೆ ಅಳವಡಿಸಿದರೆ ಇಂಟರ್‌ನೆಟ್ ಬೇಡ. ಅಭ್ಯಾಸಕ್ಕೆ ಬೇಕಾದ ದತ್ತಾಂಶಗಳು ಅದರ ಒಳಗೇ ಇವೆ. ನಮ್ಮ ಊರಿನಂಥ ಕಡೆ ಪ್ರಾಯೋಗಿಕ ಪರೀಕ್ಷೆಯ ದಿನ ನೆಟ್ ಹೋದರೆ ಏನಾಗುತ್ತದೆ ಎಂದು ಬಲ್ಲವರಿಗೆ ಈ ಕೊನೆಯ ಗುಣದ ಬೆಲೆ ತಿಳಿದಿರುತ್ತದೆ.

ಕಂಪ್ಯೂಟರಿಗೆ ಹೋಗುವ ಮುನ್ನ ಒಂದು ದಿನ ಕರಿಹಲಗೆಯ ಮೇಲೆ ಲೆಕ್ಕ ಮಾಡಿಸುತ್ತೇನೆ. ಇದನ್ನು ಬಿಟ್ಟುಬಿಟ್ಟರೆ ಮುಂದಿನ ಯಾವ ತಂತ್ರಾಂಶವೂ ಉಪಯೋಗಕ್ಕೆ ಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ನಮ್ಮ ಸುತ್ತ ಮೆಕ್ಕೆಜೋಳ ಬೆಳೆಯುವವರೇ ಹೆಚ್ಚು, ಹಾಗಾಗಿ ಹಲಗೆಯ ಲೆಕ್ಕಕ್ಕೆಂದೇ ಐದು ತುಂಡು ಹೊಲ ಕಲ್ಪಿಸಿಕೊಂಡಿದ್ದೇನೆ. ಮೊದಲನೆಯದಕ್ಕೆ ಒಂದು ಗಾಡಿ ಗೊಬ್ಬರ, ಎರಡನೆಯದಕ್ಕೆ ಎರಡು, ಹೀಗೆ ಐದರವರೆಗೆ. ಬಂದ ಚೀಲಗಳು 14, 17, 17, 21, 21. ಸರಾಸರಿ 18.

"ಗೊಬ್ಬರದ ಸುದ್ದಿಯೇ ಗೊತ್ತಿಲ್ಲದಿದ್ದರೆ ಪ್ರತಿ ಹೊಲಕ್ಕೂ ಎಷ್ಟು ಚೀಲ ಎಂದು ಊಹಿಸುತ್ತೀರಿ?" ಎಂದು ಕೇಳುತ್ತೇನೆ. ಹದಿನೆಂಟು ಎನ್ನುತ್ತಾರೆ. ಆ ಊಹೆ ತಪ್ಪಿದ ಪ್ರಮಾಣ ಕ್ರಮವಾಗಿ 4, 1, 1, 3, 3. ವರ್ಗ ಮಾಡಿ ಕೂಡಿದರೆ 36. ಇದು ಒಟ್ಟು ವರ್ಗಮೊತ್ತ. ಈಗ ರೇಖೆ ಹೊಂದಿಸಿದರೆ ಒಂದು ಗಾಡಿಗೆ 1.8 ಚೀಲದ ಏರಿಕೆ ಸಿಗುತ್ತದೆ. ರೇಖೆಯ ಊಹೆ 14.4, 16.2, 18, 19.8, 21.6. ಈ ಊಹೆಗಳೂ ಸ್ವಲ್ಪ ತಪ್ಪುತ್ತವೆ. ಆ ತಪ್ಪುಗಳ ವರ್ಗಮೊತ್ತ 3.6. ಮೂವತ್ತಾರರಷ್ಟಿದ್ದ ಅಜ್ಞಾನದಲ್ಲಿ 32.4ನ್ನು ರೇಖೆ ತೀರಿಸಿತು, 3.6 ಉಳಿಯಿತು. ಗುಂಪುಗಳ ಅನೋವಾದಲ್ಲಿ ನಾವು ಮಾಡುತ್ತಿದ್ದುದೂ ಇದನ್ನೇ ಅಲ್ಲವೇ? ಅಲ್ಲಿ ಗುಂಪಿನ ಸರಾಸರಿ ಊಹೆ ಹೇಳುತ್ತಿತ್ತು, ಇಲ್ಲಿ ರೇಖೆ ಹೇಳುತ್ತಿದೆ. ಹರಿದು ಹಂಚುವ ಕೆಲಸ ಒಂದೇ.

ಮುಂದಿನ ಹೆಜ್ಜೆ ಡಿಎಫ್, ಅಂದರೆ ಡಿಗ್ರೀಸ್ ಆಫ್ ಫ್ರೀಡಂ, ಸ್ವತಂತ್ರವಾಗಿ ಬದಲಾಗಬಲ್ಲ ಅಂಕಿಗಳ ಎಣಿಕೆ. ರೇಖೆಯ ಏರಿಕೆಗೆ 1, ಉಳಿಕೆಗೆ 5ರಲ್ಲಿ 2 ಕಳೆದು 3. ಪ್ರತಿ ಮೊತ್ತವನ್ನು ಅದರ ಡಿಎಫ್‌ನಿಂದ ಭಾಗಿಸಿದರೆ 32.4 ಮತ್ತು 1.2. ಒಂದನ್ನು ಇನ್ನೊಂದರಿಂದ ಭಾಗಿಸಿದರೆ ಎಫ್ 27. ಕೋಷ್ಟಕದಲ್ಲಿ 1 ಮತ್ತು 3 ಡಿಎಫ್‌ಗೆ ಶೇ 5ರ ಮಟ್ಟದಲ್ಲಿರುವ ಬೆಲೆ, ಅಂದರೆ ಸಂಬಂಧವೇ ಇಲ್ಲದಿದ್ದರೆ ನೂರರಲ್ಲಿ ಐದು ಸಲ ಮಾತ್ರ ಎಫ್ ದಾಟುವ ಬೆಲೆ, 10.13. ನಮ್ಮದು ಅದನ್ನು ದಾಟಿದೆ.

ಇಷ್ಟಾದ ಮೇಲೆ ಪ್ರಯೋಗಾಲಯಕ್ಕೆ ಕರೆದುಕೊಂಡು ಹೋಗಿ ಅದೇ ಐದು ಹೊಲಗಳನ್ನು ಆರ್‌ನಲ್ಲಿ ಟೈಪ್ ಮಾಡಿಸುತ್ತೇನೆ. ಎರಡೇ ಸಾಲು. ಪರದೆಯ ಮೇಲೆ 32.4, 3.6, 27 ಮೂಡಿದಾಗ ಹುಡುಗರ ಮುಖ ನೋಡಬೇಕು! ತಾವು ಸೀಮೆಸುಣ್ಣ ಹಿಡಿದು ಪಡೆದ ಅಂಕಿಗಳೇ ಅಲ್ಲಿ ನಿಂತಿರುತ್ತವೆ. ಪಕ್ಕದಲ್ಲಿ ಪಿ ಬೆಲೆ, ಅಂದರೆ ಗೊಬ್ಬರಕ್ಕೂ ಚೀಲಕ್ಕೂ ಸಂಬಂಧವೇ ಇಲ್ಲದಿದ್ದರೆ ಇಷ್ಟು ದೊಡ್ಡ ಎಫ್ ಬರುವ ಸಂಭವನೀಯತೆ, 0.0138ರ ಆಸುಪಾಸು. ಇನ್ನು ಮುಂದೆ ಆ ಪರದೆ ಹೇಳುವುದನ್ನು ಅವರು ನಂಬುತ್ತಾರೆ, ಆದರೆ ಕುರುಡಾಗಿ ಅಲ್ಲ.

ಆರ್‌ನ ಅನೋವಾ ಕೋಷ್ಟಕ ನೋಡಲು ಬಲು ಸರಳ. ಎಡಕ್ಕೆ ನೀವು ಕೊಟ್ಟ ಚರದ ಹೆಸರು, ಅದರ ಕೆಳಗೆ ಉಳಿಕೆ. ಬಲಕ್ಕೆ ಡಿಎಫ್, ವರ್ಗಮೊತ್ತ, ಸರಾಸರಿ ವರ್ಗ, ಎಫ್, ಪಿ. ನನ್ನ ಮೊದಲ ದೂರು ಇಲ್ಲೇ ಇದೆ: ಒಟ್ಟು ಮೊತ್ತದ ಸಾಲು ಇಲ್ಲ. ನಮ್ಮ ಪಠ್ಯದ ಕೋಷ್ಟಕದಲ್ಲಿ ಮೂರು ಸಾಲು, ಪರದೆಯಲ್ಲಿ ಎರಡು. ಕಲಿಯುವವರಿಗೆ ಆ ಮೂರನೆಯ ಸಾಲೇ ಮುಖ್ಯ, ಏಕೆಂದರೆ ಯಾವುದನ್ನು ಹಂಚಲಾಯಿತು ಎಂದು ಹೇಳುವುದು ಅದೊಂದೇ. ನಾನು ದಾಖಲೆ ಪುಸ್ತಕದಲ್ಲಿ ಆ ಸಾಲನ್ನು ಕೈಯಿಂದ ಸೇರಿಸಿಸುತ್ತೇನೆ. ಎರಡನೆಯ ದೂರು ಪಿ ಬೆಲೆಯ ಬರವಣಿಗೆ. ಆರ್‌ನೊಳಗಿನ ಕಾರ್ಸ್ ಎಂಬ ದತ್ತಾಂಶದಲ್ಲಿ 1920ರ ದಶಕದ ಕಾರುಗಳ ವೇಗ ಮತ್ತು ಬ್ರೇಕ್ ಹಾಕಿದ ಮೇಲೆ ನಿಲ್ಲಲು ಬೇಕಾದ ದೂರ ಇದೆ, 50 ಅಳತೆಗಳು. ಅಲ್ಲಿ ಪಿ ಬೆಲೆ ಎಷ್ಟು ಚಿಕ್ಕದೆಂದರೆ ದಶಮಾಂಶ ಬಿಂದುವಿನ ನಂತರ ಹನ್ನೊಂದು ಸೊನ್ನೆ, ಆಮೇಲೆ 149. ಆರ್ ಅದನ್ನು 1.49 ಎಂದು ಬರೆದು ಪಕ್ಕದಲ್ಲಿ ಘಾತವನ್ನು ಚಿಕ್ಕ ಸಂಕೇತವಾಗಿ ಇಡುತ್ತದೆ. ಮೊದಲ ವಾರ ಅರ್ಧ ತರಗತಿ ಅದನ್ನು ಒಂದೂವರೆ ಎಂದು ಓದಿ "ಸಂಬಂಧವೇ ಇಲ್ಲ" ಎಂದು ಬರೆಯುತ್ತದೆ. ಘಾತದ ಸಂಕೇತವನ್ನು ಮೊದಲ ದಿನವೇ ಹೇಳಿಕೊಟ್ಟರೆ ಈ ತೊಂದರೆ ಮುಗಿಯಿತು.

ಪಿ ಎಷ್ಟು ಚಿಕ್ಕದು ಎಂದು ತೋರಿಸಲು ಆರ್ ಅದರ ಪಕ್ಕದಲ್ಲಿ ಹಾಕುವ ನಕ್ಷತ್ರಗಳ ಬಗ್ಗೆ ನನಗೆ ಅಸಮಾಧಾನವಿದೆ. ಮೂರು ನಕ್ಷತ್ರ ಕಂಡರೆ ವಿದ್ಯಾರ್ಥಿ ಓದುವುದನ್ನು ನಿಲ್ಲಿಸುತ್ತಾನೆ. ಅದೃಷ್ಟಕ್ಕೆ ಒಂದು ಸಾಲಿನ ಆಜ್ಞೆಯಿಂದ ಅವನ್ನು ತೆಗೆದುಹಾಕಬಹುದು. ನಮ್ಮ ಪ್ರಯೋಗಾಲಯದ ಎಲ್ಲ ಕಂಪ್ಯೂಟರುಗಳಲ್ಲೂ ತೆಗೆದಿದ್ದೇನೆ.

ಅದೇ ಕಾರ್ಸ್ ದತ್ತಾಂಶ ಒಂದು ಒಳ್ಳೆಯ ಕೆಲಸಕ್ಕೆ ಬರುತ್ತದೆ. ಸಮ್ಮರಿ ಎಂಬ ಆಜ್ಞೆ ಕೊಟ್ಟರೆ ಏರಿಕೆಯ ಟಿ ಬೆಲೆ (ಏರಿಕೆ ತನ್ನ ಮಾನಕ ದೋಷದ ಎಷ್ಟು ಪಟ್ಟು ಎಂಬುದು) 9.464 ಎನ್ನುತ್ತದೆ, ಆರ್-ಸ್ಕ್ವೇರ್ (ಒಟ್ಟು ವರ್ಗಮೊತ್ತದಲ್ಲಿ ರೇಖೆ ವಿವರಿಸಿದ ಪಾಲು) 0.6511, ಉಳಿಕೆಯ ಮಾನಕ ದೋಷ (ರೇಖೆಯ ಊಹೆ ಸಾಮಾನ್ಯವಾಗಿ ತಪ್ಪುವ ಪ್ರಮಾಣ) 15.38, ಕೊನೆಯ ಸಾಲಿನಲ್ಲಿ ಎಫ್ 89.57. ಅನೋವಾ ಕೊಟ್ಟರೆ ವೇಗದ ವರ್ಗಮೊತ್ತ 21186, ಉಳಿಕೆಯದು 11354, ಉಳಿಕೆಯ ಸರಾಸರಿ ವರ್ಗ 236.5. "ಈ ಎರಡು ಪರದೆಗಳಿಗೂ ಇರುವ ನಂಟನ್ನು ಕ್ಯಾಲ್ಕುಲೇಟರಿನಲ್ಲಿ ಹುಡುಕಿ" ಎಂದು ಹತ್ತು ನಿಮಿಷ ಬಿಡುತ್ತೇನೆ. 9.464ರ ವರ್ಗ 89.57. 236.5ರ ವರ್ಗಮೂಲ 15.38. 21186ನ್ನು ಒಟ್ಟು 32539ರಿಂದ ಭಾಗಿಸಿದರೆ 0.6511. ಮೂರೂ ಸಿಕ್ಕ ಬೆಂಚಿನಿಂದ ಕೂಗು ಕೇಳುತ್ತದೆ. ಬೇರೆ ಬೇರೆ ಅಧ್ಯಾಯಗಳೆಂದು ಓದಿದ ಟಿ ಪರೀಕ್ಷೆ, ಮಾನಕ ದೋಷ, ಆರ್-ಸ್ಕ್ವೇರ್ ಎಲ್ಲವೂ ಈ ಎರಡು ಸಾಲಿನ ಕೋಷ್ಟಕದಿಂದಲೇ ಹುಟ್ಟುತ್ತವೆ ಎಂಬುದು ಅವರಿಗೆ ಆ ಕ್ಷಣದಲ್ಲಿ ಕಾಣುತ್ತದೆ.

ಈಗ ಗುಂಪುಗಳ ಪ್ರಶ್ನೆಗೆ ಬರುತ್ತೇನೆ. ಕಳೆದ ವರ್ಷ ನಡೆದ ಒಂದು ಪ್ರಸಂಗವನ್ನು ವಿವರವಾಗಿ ಹೇಳಬೇಕು.

ಆರ್‌ನಲ್ಲಿ ಪ್ಲಾಂಟ್‌ಗ್ರೋತ್ ಎಂಬ ಪುಟ್ಟ ದತ್ತಾಂಶವಿದೆ. 30 ಗಿಡಗಳ ಒಣತೂಕ. ಹತ್ತು ಗಿಡಗಳಿಗೆ ಏನೂ ಮಾಡಿಲ್ಲ, ಹತ್ತಕ್ಕೆ ಒಂದು ಉಪಚಾರ, ಉಳಿದ ಹತ್ತಕ್ಕೆ ಇನ್ನೊಂದು. ಸರಾಸರಿಗಳು 5.032, 4.661, 5.526. ನಾನು ಈ ಮೂವತ್ತು ತೂಕಗಳನ್ನು ಕಾಗದದ ಮೇಲೆ ಅಚ್ಚು ಹಾಕಿ ಕೊಟ್ಟು, "ಇದನ್ನು ಎಲ್‌ಎಂ ಬಳಸಿ ರಿಗ್ರೆಷನ್ ಆಗಿ ಮಾಡಿ, ಅನೋವಾ ಕೋಷ್ಟಕ ತೆಗೆಯಿರಿ" ಎಂದಿದ್ದೆ. ಹೂವಿನ ಹಡಗಲಿ ಕಡೆಯಿಂದ ಬರುವ ಒಬ್ಬ ವಿದ್ಯಾರ್ಥಿನಿ ತೂಕಗಳನ್ನೆಲ್ಲ ಸ್ಪ್ರೆಡ್‌ಶೀಟಿನಲ್ಲಿ ತುಂಬಿ, ಗುಂಪಿನ ಕಾಲಂನಲ್ಲಿ 1, 2, 3 ಎಂದು ಬರೆದು ಆರ್‌ಗೆ ಓದಿಸಿದಳು. ಎಫ್ 2.62 ಬಂತು. ಉಪಚಾರಗಳಿಂದ ವ್ಯತ್ಯಾಸವಿಲ್ಲ ಎಂದು ತೀರ್ಮಾನ ಬರೆದಳು. ಪಕ್ಕದ ಹುಡುಗಿಗೆ ಎಫ್ 4.85 ಬಂದಿತ್ತು, ಪಿ 0.016. ವ್ಯತ್ಯಾಸವಿದೆ ಎಂದು ಅವಳ ತೀರ್ಮಾನ. ಒಂದೇ ಕಾಗದ, ಒಂದೇ ಆಜ್ಞೆ, ಎರಡು ತೀರ್ಪು. ಇಬ್ಬರೂ ದಾಖಲೆ ಪುಸ್ತಕ ಹಿಡಿದು ನನ್ನ ಮೇಜಿಗೆ ಬಂದರು.

"ಮೇಡಂ, ತೂಕಗಳನ್ನು ಮೂರು ಸಲ ಸರಿನೋಡಿದೆ. ಒಂದೂ ತಪ್ಪಿಲ್ಲ."

"ತೂಕ ಆಮೇಲೆ ನೋಡೋಣಮ್ಮ. ಗುಂಪಿನ ಸಾಲಿನಲ್ಲಿ ಡಿಎಫ್ ಎಷ್ಟಿದೆ?"

"ಒಂದು."

"ಗುಂಪು ಎಷ್ಟು?"

"ಮೂರು." ಅಲ್ಲಿಗೇ ಅವಳ ಬೆರಳು ನಿಂತಿತು. "ಹಾಗಾದರೆ ಎರಡಿರಬೇಕಲ್ಲವೇ ಮೇಡಂ?"

ಅಲ್ಲಿತ್ತು ಗುಟ್ಟು. 1, 2, 3 ಎಂಬ ಅಂಕಿ ಕಂಡ ಆರ್ ಅದನ್ನು ಗುಂಪಿನ ಹೆಸರು ಎಂದು ತಿಳಿಯಲಿಲ್ಲ, ಅಳತೆ ಎಂದು ತಿಳಿಯಿತು. ಮೊದಲ ಗುಂಪಿನಿಂದ ಎರಡನೆಯದಕ್ಕೆ ಎಷ್ಟೋ, ಎರಡನೆಯದರಿಂದ ಮೂರನೆಯದಕ್ಕೂ ಅಷ್ಟೇ ಏರಬೇಕು ಎಂದುಕೊಂಡು ಒಂದೇ ನೇರ ಗೆರೆ ಎಳೆಯಿತು. ಗಿಡಗಳ ಸರಾಸರಿ ಮೊದಲು ಇಳಿದು ಆಮೇಲೆ ಏರುತ್ತದೆ; ಆ ಗೆರೆ 14.26ರಲ್ಲಿ 1.22ನ್ನು ಮಾತ್ರ ವಿವರಿಸಿತು. ಇದು ಗುಂಪು ಎಂದು ಫ್ಯಾಕ್ಟರ್ ಎಂಬ ಒಂದು ಪದದಿಂದ ತಿಳಿಸಿದ ಕೂಡಲೇ ಡಿಎಫ್ 2 ಆಯಿತು, ವಿವರಿಸಿದ ಮೊತ್ತ 3.77ಕ್ಕೆ ಏರಿತು.

ಇದು ಆರ್‌ನ ದೋಷವೋ? ಅಲ್ಲ ಎನ್ನುತ್ತೇನೆ. ಕೇಳಿದ ಪ್ರಶ್ನೆಗೆ ಅದು ಸರಿಯಾದ ಉತ್ತರವನ್ನೇ ಕೊಟ್ಟಿದೆ, ಮತ್ತು ಯಾವ ಪ್ರಶ್ನೆಗೆ ಉತ್ತರಿಸಿದೆ ಎಂಬುದನ್ನು ಡಿಎಫ್ ಕಾಲಂನಲ್ಲಿ ಬರೆದೂ ಇಟ್ಟಿದೆ. ಅಂದಿನಿಂದ ತರಗತಿಯಲ್ಲಿ ನನ್ನ ನಿಯಮ ಒಂದೇ: ಕೋಷ್ಟಕ ಬಂದ ಕೂಡಲೇ ಪಿ ನೋಡಬೇಡಿ, ಡಿಎಫ್ ಓದಿ. ಅದು ನೀವು ನಿರೀಕ್ಷಿಸಿದ ಸಂಖ್ಯೆಯಾಗಿದ್ದರೆ ಮಾತ್ರ ಬಲಕ್ಕೆ ಸರಿಯಿರಿ.

ಇಲ್ಲೇ ಆ ವಿದ್ಯಾರ್ಥಿನಿಗೆ ಒಂದು ಸಂಗತಿ ಹೇಳಿದೆ. ಈ ವಿಶ್ಲೇಷಣೆಯನ್ನು ರೂಪಿಸಿದವರು ರೊನಾಲ್ಡ್ ಫಿಶರ್, 1920ರ ದಶಕದಲ್ಲಿ ಇಂಗ್ಲೆಂಡಿನ ರೋಥಾಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ, ಹೊಲದ ಪ್ರಯೋಗಗಳ ನಡುವೆ. ಎಫ್ ಎಂಬ ಅಕ್ಷರವನ್ನು ಅವರ ಗೌರವಾರ್ಥ ಇಟ್ಟವರು ಅಮೆರಿಕದ ಜಾರ್ಜ್ ಸ್ನೆಡೆಕರ್. ಅದೇ ಫಿಶರ್ ಅವರ ಮಾರ್ಗದರ್ಶನದಲ್ಲಿ ಕೇಂಬ್ರಿಜ್‌ನಲ್ಲಿ ಪಿಎಚ್‌.ಡಿ. ಮಾಡಿದವರು ಸಿ.ಆರ್. ರಾವ್, ಅವರು 1920ರಲ್ಲಿ ಹುಟ್ಟಿದ್ದು ಹೂವಿನ ಹಡಗಲಿಯಲ್ಲಿ. ಮೂರು ಗುಂಪಿಗೂ ಒಂದೊಂದು ಸೂಚಕ ಕಾಲಂ (ಆ ಗುಂಪಿನ ಗಿಡಕ್ಕೆ 1, ಉಳಿದವಕ್ಕೆ 0) ಇಟ್ಟು ಜೊತೆಗೆ ಸ್ಥಿರಪದವನ್ನೂ ಸೇರಿಸಿದರೆ, ರೇಖೆ ಹುಡುಕುವ ಲೆಕ್ಕದ ಮಾತೃಕೆಗೆ (ಮ್ಯಾಟ್ರಿಕ್ಸ್) ವಿಲೋಮವೇ ಸಿಗುವುದಿಲ್ಲ, ಅಂದರೆ ಒಂದೇ ಉತ್ತರ ನಿಲ್ಲುವುದಿಲ್ಲ. ಅಂಥ ಕಡೆಗೂ ಕೆಲಸ ಮಾಡುವ ಸಾಮಾನ್ಯೀಕೃತ ವಿಲೋಮವನ್ನು ಸಂಖ್ಯಾಶಾಸ್ತ್ರದಲ್ಲಿ ಬೆಳೆಸಿದವರಲ್ಲಿ ರಾವ್ ಪ್ರಮುಖರು. ಆರ್ ಇನ್ನೊಂದು ದಾರಿ ಹಿಡಿದು ಮೊದಲ ಗುಂಪನ್ನು ಬುಡವಾಗಿ ಇಟ್ಟುಕೊಳ್ಳುತ್ತದೆ. ಅದಕ್ಕೇ ಸಮ್ಮರಿಯಲ್ಲಿ 5.032 ಮೊದಲು ಬಂದು, ಉಳಿದೆರಡು ಗುಂಪುಗಳು 0.371 ಕಡಿಮೆ, 0.494 ಹೆಚ್ಚು ಎಂದು ಕಾಣುತ್ತವೆ. ತನ್ನ ಊರಿನ ಹೆಸರು ಈ ಪಾಠದಲ್ಲಿ ಬರುತ್ತದೆ ಎಂದು ಆ ಹುಡುಗಿಗೆ ಅಲ್ಲಿಯವರೆಗೆ ಯಾರೂ ಹೇಳಿರಲಿಲ್ಲ.

ಆರ್‌ನ ಅನೋವಾದ ನಿಜವಾದ ಪರೀಕ್ಷೆ ಎರಡು ಚರಗಳು ಬಂದಾಗ. ಇಲ್ಲಿಯೇ ಅತಿ ಹೆಚ್ಚು ಜನ ಎಡವುತ್ತಾರೆ, ಎಂ.ಎಸ್ಸಿ. ಮುಗಿಸಿದವರೂ ಎಡವಿದ್ದನ್ನು ನೋಡಿದ್ದೇನೆ.

ಎಂಟಿಕಾರ್ಸ್ ದತ್ತಾಂಶ ತೆಗೆದುಕೊಳ್ಳಿ. 1973-74ರ ಮಾದರಿಯ 32 ಕಾರುಗಳು, 1974ರ ಒಂದು ಅಮೆರಿಕನ್ ಮೋಟಾರು ಪತ್ರಿಕೆಯಿಂದ ಬಂದ ಅಂಕಿಗಳು. ಒಂದು ಗ್ಯಾಲನ್ ಪೆಟ್ರೋಲಿಗೆ ಎಷ್ಟು ಮೈಲಿ ಓಡುತ್ತದೆ ಎಂಬುದನ್ನು ಕಾರಿನ ತೂಕ ಮತ್ತು ಎಂಜಿನ್ನಿನ ಅಶ್ವಶಕ್ತಿಯಿಂದ ವಿವರಿಸಬೇಕು. ತೂಕ ಮೊದಲು, ಅಶ್ವಶಕ್ತಿ ಆಮೇಲೆ ಬರೆದರೆ ಅನೋವಾ ಹೇಳುತ್ತದೆ: ತೂಕಕ್ಕೆ 847.73, ಅಶ್ವಶಕ್ತಿಗೆ 83.27, ಉಳಿಕೆ 195.05. ಇದನ್ನು ನೋಡಿದ ವಿದ್ಯಾರ್ಥಿ, ಮೈಲೇಜಿಗೆ ತೂಕವೇ ಎಲ್ಲ, ಅಶ್ವಶಕ್ತಿ ಹತ್ತನೇ ಒಂದು ಪಾಲು ಎನ್ನುತ್ತಾನೆ. ಈಗ ಅದೇ ಮಾದರಿಯಲ್ಲಿ (ಮಾಡೆಲ್, ಅಂದರೆ ನಾವು ಬರೆದ ರಿಗ್ರೆಷನ್ ಸೂತ್ರದಲ್ಲಿ) ಎರಡು ಹೆಸರುಗಳ ಜಾಗ ಅದಲುಬದಲು ಮಾಡಿ. ಅಶ್ವಶಕ್ತಿಗೆ 678.37, ತೂಕಕ್ಕೆ 252.63, ಉಳಿಕೆ ಮಾತ್ರ ಅದೇ 195.05. ರೇಖೆ ಬದಲಾಗಿಲ್ಲ, ಊಹೆಗಳು ಬದಲಾಗಿಲ್ಲ, ಎರಡರ ಒಟ್ಟು ಕೊಡುಗೆಯೂ 931ರಲ್ಲೇ ಇದೆ. ಹಂಚಿಕೆ ಮಾತ್ರ ತಲೆಕೆಳಗಾಯಿತು.

ಇದನ್ನು ವಿವರಿಸಲು ನನಗೆ ಒದಗಿದ್ದು ಹಕ್ಕಲು. ಸುಗ್ಗಿಯಲ್ಲಿ ಮೊದಲು ಹೊಲಕ್ಕೆ ಇಳಿದವರು ಕೊಯ್ಯುತ್ತಾರೆ, ಆಮೇಲೆ ಬಂದವರು ಬಿದ್ದ ತೆನೆಗಳನ್ನು ಆಯುತ್ತಾರೆ. ಹಕ್ಕಲು ಆಯುವವರ ಬುಟ್ಟಿ ಚಿಕ್ಕದಾಗಿದೆ ಎಂದು ಅವರಿಗೆ ಕೊಯ್ಯಲು ಬರುವುದಿಲ್ಲ ಎನ್ನಲಾಗದು. ಮೊದಲು ಇಳಿದಿದ್ದರೆ ಅವರೂ ಕೊಯ್ಯುತ್ತಿದ್ದರು. ಭಾರದ ಕಾರುಗಳಿಗೆ ಸಾಮಾನ್ಯವಾಗಿ ದೊಡ್ಡ ಎಂಜಿನ್ನೇ ಇರುತ್ತದೆ. ಈ ದತ್ತಾಂಶದಲ್ಲಿ ಅವೆರಡರ ಸಹಸಂಬಂಧ 0.66. ಎರಡೂ ಒಂದೇ ಹೊಲದ ತೆನೆಗೆ ಕೈ ಹಾಕುತ್ತವೆ. ಆರ್‌ನ ಅನೋವಾ ಪ್ರತಿ ಚರಕ್ಕೂ, ಅದಕ್ಕಿಂತ ಮುಂಚೆ ಬರೆದ ಚರಗಳು ಕೊಯ್ದು ಬಿಟ್ಟದ್ದರಲ್ಲಿ ಎಷ್ಟು ಸಿಕ್ಕಿತು ಎಂಬ ಲೆಕ್ಕ ಕೊಡುತ್ತದೆ. ಈ ವಿಷಯ ಅದರ ಸಹಾಯ ಪುಟದಲ್ಲಿದೆ, ಕೋಷ್ಟಕದ ತಲೆಬರಹದಲ್ಲಿ ಇಲ್ಲ. ಅದೊಂದು ಸಾಲು ಅಲ್ಲಿರಬೇಕಿತ್ತು ಎಂಬುದು ನನ್ನ ಮೂರನೆಯ ಹಾಗೂ ಅತಿ ದೊಡ್ಡ ದೂರು.

ಇನ್ನೊಂದು ಸೂಕ್ಷ್ಮವಿದೆ. ತೂಕ ಒಂದನ್ನೇ ಇಟ್ಟು ರೇಖೆ ಹೊಂದಿಸಿದಾಗಲೂ ಅದರ ವರ್ಗಮೊತ್ತ 847.73, ಅಶ್ವಶಕ್ತಿ ಸೇರಿಸಿದ ಮೇಲೂ ಅಷ್ಟೇ. ಆದರೆ ಎಫ್ 91.4ರಿಂದ 126ಕ್ಕೆ ಏರುತ್ತದೆ. ಏಕೆ? ಛೇದ ಬದಲಾಗಿದೆ. ಅಶ್ವಶಕ್ತಿ ಬಂದು ಉಳಿಕೆಯಲ್ಲಿ ಒಂದಷ್ಟನ್ನು ಎತ್ತಿಕೊಂಡಿತು. ಉಳಿಕೆಯ ಸರಾಸರಿ ವರ್ಗ 9.28ರಿಂದ 6.73ಕ್ಕೆ ಇಳಿಯಿತು. ಈ ಪ್ರಶ್ನೆಯನ್ನು ಮೌಖಿಕ ಪರೀಕ್ಷೆಯಲ್ಲಿ ಕೇಳುತ್ತೇನೆ. ತಾನಾಗಿ ಉತ್ತರ ಕಂಡುಕೊಂಡವರಿಗೆ ಪೂರ್ಣ ಅಂಕ ಕೊಡುತ್ತೇನೆ.

ಪ್ರತಿ ಚರವನ್ನೂ ಕೊನೆಯವನಾಗಿ ನಿಲ್ಲಿಸಿ ಅಳೆಯಬೇಕು ಎನಿಸಿದರೆ ಆರ್‌ನಲ್ಲೇ ಡ್ರಾಪ್‌ಒನ್ ಎಂಬ ಆಜ್ಞೆ ಇದೆ. ಎಫ್ ಪರೀಕ್ಷೆ ಬೇಕೆಂದು ಅದಕ್ಕೆ ಹೇಳಿದರೆ ತೂಕಕ್ಕೆ 37.6, ಅಶ್ವಶಕ್ತಿಗೆ 12.4 ಕೊಡುತ್ತದೆ. ಸಮ್ಮರಿಯ ಟಿ ಬೆಲೆಗಳ ವರ್ಗಗಳೂ ಇವೇ. ಕಾರ್ ಎಂಬ ಹೆಚ್ಚುವರಿ ಪ್ಯಾಕೇಜಿನಲ್ಲಿ ದೊಡ್ಡ ಅಕ್ಷರದಿಂದ ಶುರುವಾಗುವ ಇನ್ನೊಂದು ಅನೋವಾ ಇದೆ. ಅದು ಬರೆದ ಕ್ರಮವನ್ನು ಲೆಕ್ಕಿಸುವುದಿಲ್ಲ. ಒಂದು ಅಕ್ಷರದ ವ್ಯತ್ಯಾಸದಿಂದ ಬೇರೆಯೇ ಕೋಷ್ಟಕ ಬರುವುದು ಕಲಿಯುವವರಿಗೆ ಹಿತವಲ್ಲ. ಪದವಿ ಮಟ್ಟದಲ್ಲಿ ನಾನು ಅದನ್ನು ಮುಟ್ಟಿಸುವುದಿಲ್ಲ.

ಈ ತಂತ್ರಾಂಶದಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಎರಡು ಮಾದರಿಗಳನ್ನು ಎದುರುಬದುರು ನಿಲ್ಲಿಸುವ ಸೌಲಭ್ಯ. ಅನೋವಾಗೆ ಒಂದರ ಬದಲು ಎರಡು ಮಾದರಿ ಕೊಡಿ, ಚಿಕ್ಕದು ಮೊದಲು, ದೊಡ್ಡದು ಆಮೇಲೆ. ತೂಕ ಮಾತ್ರ ಇರುವ ಮಾದರಿಯ ಉಳಿಕೆ 278.32, ಡಿಎಫ್ 30. ಅಶ್ವಶಕ್ತಿ ಸೇರಿದ ಮೇಲೆ 195.05, ಡಿಎಫ್ 29. ಒಂದು ಡಿಎಫ್ ಖರ್ಚು ಮಾಡಿ 83.27 ಗಳಿಸಿದೆವು, ಎಫ್ 12.38, ಪಿ 0.0015. ಖರ್ಚು ಮತ್ತು ಗಳಿಕೆ ಒಂದೇ ಸಾಲಿನಲ್ಲಿ. ಸಂತೆಗೆ ಹೋಗಿ ಬಂದ ಮನೆಯವರಿಗೆ ಈ ಲೆಕ್ಕ ಹೇಳಿಕೊಡಬೇಕಾಗಿಲ್ಲ, ನಮ್ಮ ಮಕ್ಕಳಿಗೂ ತಟ್ಟನೆ ಹಿಡಿಯುತ್ತದೆ. ಅನೋವಾ ಎಂದರೆ ಸಣ್ಣ ವಿವರಣೆ ಸಾಕೋ, ದೊಡ್ಡದು ಬೇಕೋ ಎಂದು ಕೇಳುವ ವಿಧಾನ. ಮೂರು ಗುಂಪಿನ ಗಿಡಗಳಲ್ಲೂ ನಾವು ಕೇಳಿದ್ದು ಅದನ್ನೇ: ಎಲ್ಲಕ್ಕೂ ಒಂದೇ ಸರಾಸರಿ ಸಾಕೋ, ಮೂರು ಬೇಕೋ? ಹೊಲದಲ್ಲೂ ಅದೇ: 18 ಎಂಬ ಒಂದೇ ಊಹೆ ಸಾಕೋ, ಗೊಬ್ಬರ ಲೆಕ್ಕಕ್ಕೆ ಹಿಡಿಯಬೇಕೋ? ಎರಡನೆಯ ವಾರದಲ್ಲಿ ಎದ್ದು ನಿಂತವರ ಪ್ರಶ್ನೆಗೆ ನಾನು ಕೊಡುವ ಪೂರ್ಣ ಉತ್ತರ ಈ ಪರದೆಯೇ.

ಇಲ್ಲಿ ಆರ್ ತೋರುವ ಒಂದು ಎಚ್ಚರವನ್ನು ಮೆಚ್ಚಲೇಬೇಕು. ಏರ್‌ಕ್ವಾಲಿಟಿ ಎಂಬ ದತ್ತಾಂಶದಲ್ಲಿ ನ್ಯೂಯಾರ್ಕಿನ ಗಾಳಿಯ 153 ದಿನಗಳ ಅಳತೆಗಳಿವೆ, ಆದರೆ 37 ದಿನ ಓಝೋನ್ ಅಳತೆ ಇಲ್ಲ, 7 ದಿನ ಸೂರ್ಯಪ್ರಕಾಶದ್ದು ಇಲ್ಲ. ಓಝೋನನ್ನು ಗಾಳಿಯ ವೇಗದಿಂದ ಮಾತ್ರ ವಿವರಿಸಿದರೆ 116 ದಿನಗಳು ಲೆಕ್ಕಕ್ಕೆ ಬರುತ್ತವೆ. ಸೂರ್ಯಪ್ರಕಾಶ ಸೇರಿಸಿದರೆ 111. ಈ ಎರಡನ್ನು ಹೋಲಿಸು ಎಂದರೆ ಆರ್ ಒಪ್ಪುವುದಿಲ್ಲ, ಎರಡೂ ಒಂದೇ ಗಾತ್ರದ ದತ್ತಾಂಶದ ಮೇಲೆ ಹೊಂದಿಸಿದವಲ್ಲ ಎಂದು ಹೇಳಿ ನಿಲ್ಲುತ್ತದೆ. ಕೆಂಪು ಅಕ್ಷರ ಕಂಡು ಹುಡುಗರು ಗಾಬರಿಯಾಗುತ್ತಾರೆ. ನಾನು ಚಪ್ಪಾಳೆ ತಟ್ಟಲು ಹೇಳುತ್ತೇನೆ.

ಬೇರೆ ಸಾಧನಗಳ ಜೊತೆ ಹೋಲಿಕೆ ಬೇಕೆನ್ನುವವರಿಗೆ ಎರಡು ಮಾತು. ವೈಜ್ಞಾನಿಕ ಕ್ಯಾಲ್ಕುಲೇಟರು ಏರಿಕೆ, ಸ್ಥಿರಪದ, ಸಹಸಂಬಂಧ ಕೊಡುತ್ತದೆ, ಅನೋವಾ ನಾವೇ ಕಟ್ಟಿಕೊಳ್ಳಬೇಕು. ಅದು ಒಳ್ಳೆಯ ವ್ಯಾಯಾಮ. ಎಕ್ಸೆಲ್‌ನ ವಿಶ್ಲೇಷಣಾ ಪರಿಕರದಲ್ಲಿ ರಿಗ್ರೆಷನ್ ಮಾಡಿದರೆ ಒಟ್ಟು ಮೊತ್ತವೂ ಸೇರಿ ಮೂರು ಸಾಲಿನ ಅಚ್ಚುಕಟ್ಟಾದ ಕೋಷ್ಟಕ ಬರುತ್ತದೆ, ಪಠ್ಯದಲ್ಲಿರುವಂತೆಯೇ. ಒಂದೇ ಚರದ ಪಾಠಕ್ಕೆ ಅದು ಆರ್‌ಗಿಂತ ಸ್ಪಷ್ಟ ಎಂದು ಒಪ್ಪುತ್ತೇನೆ. ಆದರೆ ಹತ್ತು ಚರಗಳಿದ್ದರೂ ಎಲ್ಲವನ್ನೂ ಒಂದೇ ರಿಗ್ರೆಷನ್ ಸಾಲಿಗೆ ಕಟ್ಟಿಬಿಡುತ್ತದೆ. ಯಾರು ಕೊಯ್ದರು, ಯಾರು ಹಕ್ಕಲು ಆಯ್ದರು ಎಂದು ನೋಡಲು ಆ ಕೋಷ್ಟಕದಲ್ಲಿ ದಾರಿಯಿಲ್ಲ. ಅಂಕ ಕೊಡುವುದಾದರೆ ಆರ್‌ನ ಅನೋವಾಗೆ ಹತ್ತಕ್ಕೆ ಎಂಟೂವರೆ. ಒಟ್ಟಿನ ಸಾಲು ಇಲ್ಲದ್ದಕ್ಕೆ ಅರ್ಧ, ಕ್ರಮದ ಸುಳಿವು ಕೋಷ್ಟಕದಲ್ಲಿ ಕೊಡದ್ದಕ್ಕೆ ಒಂದು ಕಳೆದಿದ್ದೇನೆ.

ಕೋಷ್ಟಕಕ್ಕೆ ಕಾಣದ್ದೂ ಒಂದಿದೆ, ಅದನ್ನು ಯಾವ ತಂತ್ರಾಂಶದ ತಪ್ಪು ಎಂದೂ ಹೇಳಲಾಗದು. 1973ರಲ್ಲಿ ಫ್ರಾನ್ಸಿಸ್ ಆ್ಯನ್ಸ್‌ಕಂಬ್ ನಾಲ್ಕು ಪುಟ್ಟ ದತ್ತಾಂಶಗಳನ್ನು ಪ್ರಕಟಿಸಿದರು. ಒಂದೊಂದರಲ್ಲೂ ಹನ್ನೊಂದು ಚುಕ್ಕೆ. ಅವೂ ಆರ್‌ನ ಒಳಗಿವೆ. ನಾಲ್ಕಕ್ಕೂ ಅನೋವಾ ತೆಗೆದರೆ ವಿವರಿಸಿದ ಮೊತ್ತ 27.5ರ ಆಸುಪಾಸು, ಉಳಿಕೆ 13.7ರಿಂದ 13.8, ಡಿಎಫ್ 1 ಮತ್ತು 9, ಎಫ್ ಹದಿನೆಂಟರ ಹತ್ತಿರ. ಇಲ್ಲಿ ಡಿಎಫ್ ಓದಿ ಎಂಬ ನನ್ನ ನಿಯಮವೂ ನೆರವಿಗೆ ಬರುವುದಿಲ್ಲ. ಚಿತ್ರ ಬರೆದರೆ ಮೊದಲನೆಯದು ಸಾಮಾನ್ಯ ಚದುರಿಕೆ, ಎರಡನೆಯದು ಬಿಲ್ಲಿನಂತೆ ಬಾಗಿದೆ, ಮೂರನೆಯದರಲ್ಲಿ ನೇರ ಸಾಲಿನಿಂದ ಒಂದೇ ಚುಕ್ಕೆ ಹೊರಗೆ ನಿಂತಿದೆ, ನಾಲ್ಕನೆಯದರಲ್ಲಿ ಹತ್ತು ಚುಕ್ಕೆಗಳು 8ರ ಮೇಲೆ ಒಂದೇ ಕಂಬದಂತೆ ನಿಂತಿವೆ, ಹನ್ನೊಂದನೆಯದು ಒಂಟಿಯಾಗಿ 19ರಲ್ಲಿದೆ.

ಅದಕ್ಕಾಗಿ ಈ ವರ್ಷದಿಂದ ದಾಖಲೆ ಪುಸ್ತಕದಲ್ಲಿ ಪ್ರತಿ ಅನೋವಾ ಕೋಷ್ಟಕದ ಎದುರು ಪುಟದಲ್ಲಿ ಚಿತ್ರ ಇಲ್ಲದಿದ್ದರೆ ಸಹಿ ಹಾಕುವುದಿಲ್ಲ ಎಂದಿದ್ದೇನೆ. ಪ್ರಿಂಟರಿನಲ್ಲಿ ಶಾಯಿ ಮುಗಿದಿದ್ದ ದಿನ ಎಲ್ಲರೂ ಗ್ರಾಫ್ ಹಾಳೆ ತಂದು ಕೈಯಿಂದಲೇ ಚುಕ್ಕೆ ಇಟ್ಟರು. ನಾಲ್ಕನೆಯ ದತ್ತಾಂಶಕ್ಕೆ ಬಂದಾಗ ಹಿಂದಿನ ಬೆಂಚಿನ ಹುಡುಗನೊಬ್ಬ ಪೆನ್ಸಿಲು ಕೆಳಗಿಟ್ಟ. ಇನ್ನೂ ಒಂದು ಚುಕ್ಕೆಯನ್ನೂ ಇಟ್ಟಿರಲಿಲ್ಲ. "ಮೇಡಂ, ಅಳತೆ ಗುರುತು ಹಾಕುವಾಗಲೇ ಏನೋ ಸರಿಯಿಲ್ಲ ಎನಿಸಿತು. ಒಂದೇ ಒಂದು ಚುಕ್ಕೆಗಾಗಿ ಅಡ್ಡಗೆರೆಯನ್ನು ಹತ್ತೊಂಬತ್ತರವರೆಗೆ ಎಳೆಯಬೇಕಾಯಿತು" ಎಂದ.